ಹಳೇ ಹುಣಸೆಕುಂಟೆಯ ಜನಸಂಖ್ಯೆ

ನಂದಗುಡಿ,
ಮಾರ್ಚಿ ೧೯೪೧

ಹೊಸಕೋಟೆ ತಾಲ್ಲೂಕು ಅಮಲ್ದಾರ್ ಸಾಹೇಬರ ಸನ್ನಿಧಾನಕ್ಕೆ, ಶಾಲಾ ಉಪಾಧ್ಯಾಯ ಸನಾವುಲ್ಲಾ ಮಾಡುವ ಸಲಾಮುಗಳು.

ನನಗೆ ವಹಿಸಿದ್ದ ಜನಗಣತಿ ಮುಗಿದಿದೆ. ಹಳೇ ಹುಣಸೆಕುಂಟೆಯನ್ನು ಜನವಿಲ್ಲದ ಗ್ರಾಮವೆಂದು ಬರೆಯಲು ತಮ್ಮ ಅಪ್ಪಣೆಯಾಗಿತ್ತು. ಪ್ಲೇಗು ಬಂದು ಹೋದ ಮೇಲೆ ಊರವರೆಲ್ಲ ರಸ್ತೆಯ ಬದಿಗೆ ಹೋಗಿ ಮನೆ ಕಟ್ಟಿಕೊಂಡಿರುವುದು ನಿಜ. ಆದರೆ ಕೆರೆ ಏರಿಯ ಕೆಳಗಿನ ಮನೆಯಲ್ಲಿ ಮುನಿಗಂಗಮ್ಮ ಎಂಬಾಕೆ ಇನ್ನೂ ಇದ್ದಾರೆ. ಅವರೇ ಸಾಕಿ ಬೆಳೆಸಿದ ತಮ್ಮನೊಬ್ಬ ಪಲ್ಟನ್ ಸೇರಿ ಕಡಲಾಚೆ ಹೋಗಿದ್ದಾನೆ.

"ಊರೇ ಇಲ್ಲ ಅಂತ ಬರೆದ್ಬಿಟ್ರೆ ಅವನ ಕಾಗದ ಎಲ್ಲಿಗೆ ಬರ್ತದೆ ಸ್ವಾಮಿ?" ಎಂದರು.

ಆದ್ದರಿಂದ ಜನವಿರುವ ಗ್ರಾಮವೆಂದೇ ಬರೆದು, ಜನಸಂಖ್ಯೆ ಒಂದು ಎಂದು ತೋರಿಸಿದ್ದೇನೆ. ತಾವು ದಯಮಾಡಿ ಹಾಗೆಯೇ ಉಳಿಸಿಕೊಡಬೇಕು.

ಹೊರಡುವಾಗ ಆಕೆ ಬಾಗಿಲ ತನಕ ಬಂದು, "ಮತ್ತೆ ಯಾವಾಗ ಬರ್ತೀರಾ?" ಎಂದು ಕೇಳಿದರು. ಗಣತಿ ಹತ್ತು ವರ್ಷಕ್ಕೊಮ್ಮೆ, ಬರೆದದ್ದರಲ್ಲಿ ತಪ್ಪಿದ್ದರೆ ಮಾತ್ರ ತಿದ್ದಲು ನಡುವೆ ಬರಬೇಕಾಗುತ್ತದೆ ಎಂದೆ.

ಅದಕ್ಕೆ ಆಕೆ, "ಹಂಗಾದ್ರೆ ಒಂದು ತಪ್ಪು ಬರ್ಕೊಂಡು ಹೋಗಿ ಸ್ವಾಮಿ" ಎಂದರು.

ತಲೆ ಪೂರಾ ನರೆತಿರುವ ಆಕೆಯ ವಯಸ್ಸನ್ನು ಒಂಬತ್ತು ಎಂದು ಬರೆದುಕೊಂಡು ಬಂದಿದ್ದೇನೆ. ಭಾನುವಾರ ಹೋಗಿ ತಿದ್ದಿ ತರಲು ಅಪ್ಪಣೆ ಕೊಡಿಸಬೇಕು. ಬಂಡಿಯ ಏರ್ಪಾಟು ಬೇಡ, ನಡೆದೇ ಹೋಗುತ್ತೇನೆ. ನನ್ನ ಮನೆಯವರು ತೀರಿಕೊಂಡ ಮೇಲೆ ಭಾನುವಾರಗಳಲ್ಲಿ ನನಗೆ ಬೇರೆ ಕೆಲಸವೇನೂ ಇರುವುದಿಲ್ಲ.

ತಮ್ಮ ವಿಧೇಯ,
ಸನಾವುಲ್ಲಾ