ಹಸಿರು ದಾರ ಸುಸ್ಥಿತಿಯಲ್ಲಿದೆ

ಜಿಲ್ಲಾ ಸಂಸ್ಕೃತಿ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ನಿರಪರಾಧಿ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಆ ತೀರ್ಮಾನದ ಬಗ್ಗೆ ನನಗೆ ತಕರಾರಿದೆ. ಇದನ್ನು ಮೂರು ಸಲ ಬರೆದು ಲಕೋಟೆಯಲ್ಲಿಟ್ಟು ಕಳಿಸಿದೆ. ಮೂರು ಸಲವೂ "ಕಡತ ಮುಕ್ತಾಯಗೊಂಡಿದೆ" ಎಂಬ ಒಂದೇ ಸಾಲಿನ ಉತ್ತರ ಬಂತು. ಹಾಗಾಗಿ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಊರಿನವರೆಲ್ಲ ಓದಿದ ಮೇಲಾದರೂ ತಾವು ಎರಡನೆಯ ಸಾಲು ಬರೆಯಬಹುದೆಂಬ ಆಸೆ.

ಜುಲೈ ತಿಂಗಳ ಎರಡನೆಯ ಶನಿವಾರ ಕೋಟೆ ಬಯಲಿನಲ್ಲಿ, ಹಳೆಯ ಕಾಲದ ಯುದ್ಧವೊಂದನ್ನು ವೇಷ ತೊಟ್ಟು ಮತ್ತೆ ಆಡಿ ತೋರಿಸುವ ಕದನಕ್ಕೆ ಅನುಮತಿ ಕೊಡುವವರು ತಾವು. ಅಲ್ಲಿ ಹಾರುವ ಬಾಣಗಳನ್ನು ಹತ್ತೊಂಬತ್ತು ವರ್ಷಗಳಿಂದ ಪರೀಕ್ಷಿಸುತ್ತಿರುವವನು ನಾನು. ತಾವು ಗಣ್ಯರ ಸಾಲಿನಲ್ಲಿ ಕೂರುವುದರಿಂದ ನನ್ನ ಮೇಜು ಕಂಡಿರಲಾರದು. ಕೋಟೆ ಬಾಗಿಲಿನ ಎಡಕ್ಕೆ, ನೆರಳಿನಲ್ಲಿ ಇರುತ್ತದೆ. ಬಿಲ್ಲಿನ ಹೆದೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆದು ನೋಡುತ್ತೇನೆ. ಸೆಳೆತ ಹದಿನಾಲ್ಕು ಕಿಲೋ ದಾಟಿದರೆ ವಾಪಸ್ಸು. ನಮ್ಮ ಬಾಣಗಳಿಗೆ ಕಬ್ಬಿಣದ ಮೊನೆಯಿಲ್ಲ, ರಬ್ಬರಿನ ಗುಂಡಿಯಿದೆ. ಆ ಗುಂಡಿ ಶಿರಸ್ತ್ರಾಣದ ಕಣ್ಣಿನ ಸೀಳಿಗಿಂತ ದಪ್ಪವಾಗಿರಬೇಕು, ಒಳಗೆ ನುಗ್ಗಕೂಡದು. ಅದನ್ನು ಎಳೆದು, ತಿರುಚಿ ನೋಡುತ್ತೇನೆ. ಕೊನೆಗೆ ಬಾಣದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತೇನೆ. ಗಟ್ಟಿ ಮರ ಸುಮ್ಮನೆ ಬಾಗುತ್ತದೆ. ಒಳಗೆ ಬಿರುಕಿದ್ದರೆ ಚಿರ್ರೆನ್ನುತ್ತದೆ. ಎಲ್ಲ ಸರಿಯಿದ್ದರೆ ಬಾಣದ ಬುಡಕ್ಕೆ ಹಸಿರು ದಾರ ಸುತ್ತಿ ಎರಡು ಗಂಟು ಹಾಕುತ್ತೇನೆ. ಆ ಗಂಟು ಕಂಡರೆ ಈ ಬಯಲಿನಲ್ಲಿ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

ಕಿವಿಯ ವಿದ್ಯೆ ನಾನು ರೈಲ್ವೆಯಲ್ಲಿ ಕಲಿತದ್ದು. ಮೂವತ್ತೊಂದು ವರ್ಷ ಉದ್ದ ಹಿಡಿಯ ಸುತ್ತಿಗೆಯಿಂದ ಗಾಡಿಯ ಚಕ್ರ ಬಡಿದು ಸದ್ದು ಕೇಳಿದ್ದೇನೆ. ಅಲ್ಲಿ ಒಂದು ನಿಯಮವಿತ್ತು: ಹಿಂದಿನ ನಿಲ್ದಾಣದಲ್ಲಿ ಬಡಿದಿದ್ದಾರೆ ಎಂಬ ಕಾರಣಕ್ಕೆ ಮುಂದಿನ ನಿಲ್ದಾಣದವನು ಸುತ್ತಿಗೆ ಕೆಳಗಿಡುವಂತಿಲ್ಲ. ಚಕ್ರ ನಡುವೆ ಓಡಿದೆಯಲ್ಲ! ಅಷ್ಟು ವರ್ಷ ಪಾಲಿಸಿದ ಈ ನಿಯಮವನ್ನು ನಾನು ಕೋಟೆ ಬಾಗಿಲಿನಲ್ಲಿ ಮರೆತೆ. ಹೇಗೆ ಮರೆತೆ ಎಂಬುದು ತಮ್ಮ ಕಡತದಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಯಲಿನಲ್ಲಿ ಒಂದು ರೂಢಿಯಿದೆ. ಬಿದ್ದ ಬಾಣ ಎತ್ತಿದವನದು. ಮೊದಲ ಸುತ್ತಿನ ಬಾಣಗಳು ನೆಲಕ್ಕೆ ಬೀಳುತ್ತವೆ, ಕಬ್ಬಿಣ ತೊಟ್ಟ ಕಾಲಾಳುಗಳು ಅವುಗಳ ಮೇಲೆಯೇ ನಡೆದು ಕಾದಾಡುತ್ತಾರೆ, ತುತ್ತೂರಿ ಊದಿದಾಗ ಎಲ್ಲರೂ ಸೂಪು ಕುಡಿಯಲು ಹೋಗುತ್ತಾರೆ. ಆ ಹೊತ್ತಿನಲ್ಲಿ ಎರಡೂ ಕಡೆಯ ಬಿಲ್ಲುಗಾರರು ಹುಲ್ಲಿನಲ್ಲಿ ಬಾಣ ಆರಿಸಿಕೊಳ್ಳುತ್ತಾರೆ. ಎರಡನೆಯ ಸುತ್ತಿನಲ್ಲಿ ಅವೇ ಬಾಣಗಳು ಹಿಂದಿರುಗಿ ಹಾರುತ್ತವೆ. ಶತ್ರುವಿನ ಬಾಣದಿಂದಲೇ ಶತ್ರುವನ್ನು ಹೊಡೆಯುವುದು ನಮಗೆ ಹೆಮ್ಮೆಯ ಸಂಗತಿ. ಎಂಬತ್ತು ಕಿಲೋ ತೂಕದ ಮನುಷ್ಯ ಇಪ್ಪತ್ತೈದು ಕಿಲೋ ಕಬ್ಬಿಣ ಹೊತ್ತು ತುಳಿದ ಕಡ್ಡಿಯ ಬುಡದಲ್ಲಿ ನನ್ನ ಹಸಿರು ದಾರ ಹಾಗೇ ಇರುತ್ತದೆ. ಕಡ್ಡಿಯೂ ಹಾಗೇ ಇದೆಯೇ ಎಂದು ಕೇಳುವವರು ಯಾರು?

ಒಬ್ಬ ಕೇಳಿದ್ದ. ಹೆಸರು ಜೆನೋನ್. ಊರಿನ ಅರ್ಧ ಮನೆಗಳ ಹೆಂಚು ಹೊದಿಸಿದವನು, ಕದನದಲ್ಲಿ ಮುಂಚೂಣಿಯ ಕಾಲಾಳು, ಇಪ್ಪತ್ತಾರು ವರ್ಷ ಭಾನುವಾರದ ಮಧ್ಯಾಹ್ನಗಳಲ್ಲಿ ನನ್ನೊಡನೆ ಚದುರಂಗ ಆಡಿದವನು. ಕಳೆದ ಜುಲೈಯ ಆ ಶನಿವಾರ, ಮೊದಲ ಸುತ್ತು ಮುಗಿದಾಗ, ಶಿರಸ್ತ್ರಾಣವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮೇಜಿಗೆ ಬಂದ. ಕೈಯಲ್ಲಿ ನಾಲ್ಕೈದು ಬಾಣಗಳಿದ್ದವು.

"ಲೆಷೆಕ್, ಇವನ್ನ ಇನ್ನೊಂದ್ಸಲ ಬಗ್ಗಿಸಿ ನೋಡ್ತೀಯೇನೋ? ನಾನೇ ತುಳ್ಕೊಂಡು ಬಂದಿದೀನಿ. ನನ್ನ ತೂಕ ನಿಂಗೆ ಗೊತ್ತಲ್ಲ."

"ನಿನ್ನ ತೂಕದ ತಪ್ಪು ನಿನ್ನ ಹೆಂಡ್ತಿ ಮಾಡೋ ಹಂದಿಕೊಬ್ಬಿನ ರೊಟ್ಟೀದು ಕಣೋ, ಬಾಣದ್ದಲ್ಲ."

"ತಮಾಷೆ ಬಿಡೋ ಮಾರಾಯ. ನಾನ್ನೂರು ಬಾಣ ಇದಾವೆ ಹುಲ್ಲಲ್ಲಿ."

"ನಾನ್ನೂರ ಹನ್ನೆರಡು. ಯುದ್ಧ ನಿಲ್ಸಿ ಒಂದೊಂದನ್ನೇ ಬಗ್ಗಿಸ್ತಾ ಕೂರ್ಲಾ? ದಾರ ಇದೆ ತಾನೆ? ನನ್ನ ದಾರ ಸುಳ್ಳು ಹೇಳಲ್ಲ. ಕೂತ್ಕೋ, ಸೂಪು ಆರಿಹೋಗ್ತಿದೆ."

ಅವನು ಕೂರಲಿಲ್ಲ. ಬಾಣಗಳನ್ನು ಮೇಜಿನ ಮೇಲಿಟ್ಟು ಹೋದ. ನಾನು ರೈ ಧಾನ್ಯದ ಹಿಟ್ಟಿನ ಹುಳಿ ಸೂಪನ್ನು ಪೂರ್ತಿ ಕುಡಿದೆ, ಅದರೊಳಗಿನ ಮೊಟ್ಟೆಯನ್ನೂ ತಿಂದೆ. ಆಮೇಲೆ ಒಬ್ಬ ಬಿಲ್ಲುಗಾರ ಬಂದು "ಇವು ಯಾರದಾದ್ರೂ ಇದಾವಾ?" ಎಂದು ಕೇಳಿದಾಗ, ಆ ನಾಲ್ಕೈದನ್ನೂ ನಾನೇ ಅವನ ಕೈಗೆ ಕೊಟ್ಟೆ.

ಎರಡನೆಯ ಸುತ್ತಿನಲ್ಲಿ, ಇಪ್ಪತ್ತು ಮೀಟರ್ ದೂರದಿಂದ ಬಂದ ಬಾಣವೊಂದು ಜೆನೋನನ ಶಿರಸ್ತ್ರಾಣಕ್ಕೆ ಬಡಿಯಿತು. ರಬ್ಬರಿನ ಗುಂಡಿ ಸೀಳಿನ ಅಂಚಿಗೆ ತಾಗಿ ಅಲ್ಲೇ ನಿಂತಿತು. ಅದರ ಕೆಲಸ ಅದು ಮಾಡಿತು. ಗುಂಡಿಯ ಹಿಂದೆ ಬಿರುಕು ಬಿಟ್ಟಿದ್ದ ಕಡ್ಡಿ ಮುರಿಯಿತು. ಮುರಿದ ಚೂಪು ತುದಿ ಸೀಳಿನೊಳಗೆ ಹೋಯಿತು. ಎಡಗಣ್ಣು ಉಳಿಯಲಿಲ್ಲ. ಅದು ಮೇಜಿನ ಮೇಲಿದ್ದ ಬಾಣಗಳಲ್ಲಿ ಒಂದೋ, ಹುಲ್ಲಿನಲ್ಲಿ ಆರಿಸಿದ್ದೋ, ನನಗೆ ಗೊತ್ತಿಲ್ಲ. ತಿಳಿಯುವ ದಾರಿಯೂ ಇಲ್ಲ. ಎಲ್ಲದಕ್ಕೂ ಒಂದೇ ಗಂಟು.

ಈಗ ತಮ್ಮ ಕಚೇರಿಯ ವರದಿಗೆ ಬರುತ್ತೇನೆ. ಒಂದೂವರೆ ಪುಟ. ಅದರಲ್ಲಿ ಒಂದು ವಾಕ್ಯವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ: "ಬಾಣವು ಪರೀಕ್ಷಿತವಾಗಿದ್ದು, ಪರೀಕ್ಷಕರ ಹಸಿರು ದಾರವು ಸುಸ್ಥಿತಿಯಲ್ಲಿದೆ, ಯಾರಿಂದಲೂ ಲೋಪವಾಗಿಲ್ಲ." ಸ್ವಾಮಿ, ಬಾಣ ಎರಡು ತುಂಡಾಗಿತ್ತು. ಕಣ್ಣು ಹೋಗಿತ್ತು. ತಮ್ಮ ಅಧಿಕಾರಿಗಳು ಅಷ್ಟರ ನಡುವೆ ಹುಡುಕಿ ಹುಡುಕಿ ಸುಸ್ಥಿತಿಯಲ್ಲಿದ್ದ ಒಂದೇ ವಸ್ತುವನ್ನು ಪತ್ತೆ ಮಾಡಿದರು. ಅವರ ದೃಷ್ಟಿಯ ಸೂಕ್ಷ್ಮತೆಗೆ ನಮಸ್ಕಾರ. ನಾನು ಸೂಪಿನ ವಿಷಯ ಹೇಳಲು ಕಚೇರಿಗೆ ಬಂದಾಗ, ಎರಡನೆಯ ಮಹಡಿಯ ಗುಮಾಸ್ತೆ ಕನಿಕರದಿಂದಲೇ ಮಾತಾಡಿದರು.

"ಲೆಷೆಕ್ ಗವ್ರೊನ್ ಅವ್ರೇ, ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲ."

"ನಾನೇ ಕೊಡ್ತಿದೀನಲ್ಲಮ್ಮಾ."

"ತನ್ನ ಮೇಲೆ ತಾನೇ ಕೊಡೋ ದೂರಿಗೆ ನಮ್ಮಲ್ಲಿ ಫಾರಂ ಇಲ್ಲ. ಮನೆಗೆ ಹೋಗಿ, ಬಿಸಿ ಚಹಾ ಕುಡೀರಿ."

ಕುಡಿದೆ. ಒಬ್ಬನೇ ಕುಡಿದೆ. ಮನೆಗೆ ಬರುತ್ತಿದ್ದವನು ಜೆನೋನ್ ಒಬ್ಬನೇ ಆಗಿದ್ದನೆಂದು ಅವನು ಬರುವುದು ನಿಂತ ಮೇಲೆ ತಿಳಿಯಿತು. ಕದನದ ತಂಡದವರು ಒಳ್ಳೆಯವರು, ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಾನು ಅಭ್ಯಾಸಕ್ಕೆ ಹೋದರೆ ಬೆಂಚಿನಲ್ಲಿ ಜಾಗ ಬಿಡುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚೇ ಬಿಡುತ್ತಾರೆ. ಆ ಬಾಣ ಬಿಟ್ಟ ದೊಬ್ರೊಖ್ನಾ ಎಂಬ ಹೆಣ್ಣುಮಗಳು ಬಿಲ್ಲನ್ನು ನನ್ನ ಬಾಗಿಲಿಗೆ ಒರಗಿಸಿಟ್ಟು ಹೋಗಿದ್ದಾಳೆ. ಚೀಟಿಯಿಲ್ಲ. ಅವಳ ಬಿಲ್ಲಿನ ಸೆಳೆತ ಹದಿಮೂರೂವರೆ ಕಿಲೋ; ಅವಳದ್ದೇನೂ ತಪ್ಪಿರಲಿಲ್ಲ. ಅದನ್ನಾದರೂ ತಮ್ಮ ವರದಿ ಅವಳ ಹೆಸರೆತ್ತಿ ಹೇಳಬಹುದಿತ್ತು. ಯಾರಿಂದಲೂ ಲೋಪವಾಗಿಲ್ಲ ಎಂದರೆ ಲೋಪ ಎಲ್ಲರ ಮೇಲೂ ಸಮನಾಗಿ ಕೂರುತ್ತದೆ, ಮಾನ್ಯರೇ. ಅವಳ ಮೇಲೂ.

ಮಾರ್ಚ್ ತಿಂಗಳಲ್ಲಿ ನಾನೇ ಜೆನೋನನ ಮನೆಗೆ ಹೋದೆ. ಅವನೀಗ ಛಾವಣಿ ಹತ್ತುವುದಿಲ್ಲ. ಒಂದು ಕಣ್ಣಿಗೆ ಹೆಂಚಿನ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲವಂತೆ. ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಸೂಪು, ಮೊಟ್ಟೆ, ನಾನೇ ಎತ್ತಿಕೊಟ್ಟ ಬಾಣಗಳು. ಅವನು ಒಳಗೆ ಹೋಗಿ ತಮ್ಮ ವರದಿಯನ್ನು ತಂದ.

"ಇದ್ರಲ್ಲಿ ಎಲ್ಲಿದೆ ತೋರ್ಸು."

"ಇದ್ರಲ್ಲಿ ಇಲ್ಲ ಕಣೋ. ಅದಕ್ಕೇ ಬಂದೆ."

"ಸರ್ಕಾರ ಮೊಹರು ಒತ್ತಿ ಹೇಳಿದೆ, ಯಾರ್ದೂ ತಪ್ಪಿಲ್ಲ ಅಂತ. ಹಂಗಾದ್ರೆ ನನ್ನ ಕಣ್ಣು ತಾನಾಗೇ ಹೋಯ್ತು. ಇಲ್ಲದ ತಪ್ಪನ್ನ ನಾನು ಹೆಂಗೋ ಕ್ಷಮಿಸ್ಲಿ, ಲೆಷೆಕ್? ಹೋಗು. ಮೊದ್ಲು ಅದನ್ನ ಬರೆಸ್ಕೊಂಡು ಬಾ."

ಅವನ ಹೆಂಡತಿ ಬೊಜೆನಾ ಕಿಟಕಿಯಿಂದ, "ಒಳಗೆ ಕರೀರಿ ಅವ್ರನ್ನ, ಚಳಿ ಇದೆ" ಎಂದಳು. ಅವನು ಸೌದೆ ಜೋಡಿಸುತ್ತಲೇ ಇದ್ದ. ನಾನು ಬಂದುಬಿಟ್ಟೆ.

ಇಷ್ಟರಲ್ಲಿ ತಮ್ಮ ಹೊಸ ಸುತ್ತೋಲೆ ಬಂದಿದೆ. ಕಳೆದ ವರ್ಷದ ಘಟನೆಯಿಂದ ಪಾಠ ಕಲಿತು ತಾವು ವ್ಯವಸ್ಥೆಯನ್ನು ಸರಳಗೊಳಿಸಿದ್ದೀರಿ: ಒಮ್ಮೆ ಕಟ್ಟಿದ ಹಸಿರು ದಾರಕ್ಕೆ ಇನ್ನು ಮೂರು ವರ್ಷ ಮಾನ್ಯತೆ. ದಾರ ಚೆನ್ನಾಗಿದ್ದದ್ದನ್ನು ಕಂಡು ದಾರದ ಮೇಲೆ ವಿಶ್ವಾಸ ಹೆಚ್ಚಿತೇನೋ. ರೈಲ್ವೆ ಇಲಾಖೆಯೂ ತಮ್ಮ ಕೈಯಲ್ಲಿದ್ದಿದ್ದರೆ, ಒಮ್ಮೆ ಬಡಿದ ಚಕ್ರ ಸಮುದ್ರತೀರದವರೆಗೆ ಹೋಗಿ ಮೂರು ವರ್ಷ ಬಿಟ್ಟು ಬಂದರೂ ಕೇಳುವವರಿರುತ್ತಿರಲಿಲ್ಲ. ಮುಂದಿನ ತಿಂಗಳು ಅದೇ ಬಯಲಿನಲ್ಲಿ, ತುಳಿದ ಅವೇ ಬಾಣಗಳು, ನಾನು ಕಳೆದ ವರ್ಷ ಹಾಕಿದ ಗಂಟಿನ ಧೈರ್ಯದ ಮೇಲೆ ಹಾರಲಿವೆ. ಸೀಳಿನ ಹಿಂದೆ ಯಾರ ಕಣ್ಣಿರುತ್ತದೋ ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಕೇಳುವುದು ಎರಡು. ಸುತ್ತೋಲೆಯನ್ನು ಹಿಂತೆಗೆದುಕೊಂಡು, ನೆಲಕ್ಕೆ ಬಿದ್ದ ಬಾಣ ಪರೀಕ್ಷಕನ ಮೇಜಿಗೆ ಬಾರದೆ ಮತ್ತೆ ಹಾರಕೂಡದೆಂದು ಆದೇಶಿಸಿ. ಎತ್ತಿದವನಿಗೆ ಅದು ಸಲ್ಲಲಿ, ಆದರೆ ಮೊದಲು ಬಗ್ಗಿಸಿ ಕೇಳೋಣ. ಕದನ ಒಂದು ಗಂಟೆ ತಡವಾದರೆ ಆಗಲಿ. ಆರುನೂರು ವರ್ಷ ಹಿಂದಿನ ಯುದ್ಧಕ್ಕೆ ಅಂಥ ಅವಸರವೇನಿದೆ? ಇನ್ನೊಂದು, ಮುಚ್ಚಿದ ಕಡತವನ್ನು ತೆರೆದು ಒಂದು ವಾಕ್ಯ ಸೇರಿಸಿ: "ತುಳಿದ ಬಾಣಗಳನ್ನು ಮರುಪರೀಕ್ಷಿಸುವಂತೆ ಜೆನೋನ್ ಕೇಳಿದರೂ, ಪರೀಕ್ಷಕನು ಅವನ್ನು ನೋಡದೆ ಸೂಪು ಕುಡಿದನು." ಶಿಕ್ಷೆ ಏನಿದ್ದರೂ ಬರೆಯಿರಿ, ವಾದಿಸುವುದಿಲ್ಲ. ಮೊಹರು ಮಾತ್ರ ಸ್ಪಷ್ಟವಾಗಿ ಬೀಳಲಿ. ಆ ಕಾಗದವನ್ನು ತೆಗೆದುಕೊಂಡು ನಾನು ಒಂದು ಅಂಗಳಕ್ಕೆ ಹೋಗಬೇಕಾಗಿದೆ. ಅಲ್ಲಿ ಕ್ಷಮೆ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಕೇಳುವುದಕ್ಕೆ ನನ್ನ ಕೈಯಲ್ಲಿ ಏನಾದರೂ ಇರಬೇಕಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಏನೂ ಮಾಡದ,
ಅದೇ ತನ್ನ ತಪ್ಪೆಂದು ಬಲ್ಲ
ಲೆಷೆಕ್ ಗವ್ರೊನ್
ಬಾಣ ಪರೀಕ್ಷಕ, ಕೋಟೆ ಬಾಗಿಲಿನ ಎಡಕ್ಕೆ