ಕತ್ತೆಗೆ ಹೇಳಿದ ಮಾತುಗಳು

ಅಗಾದೆಜ್‌ನ ಉತ್ತರದ ಬಿಡಾರ,
ಮೇ ೧೪

ಮುದ್ದು ಮಗಳು ಗೈಶಾಗೆ,

ಅಮ್ಮನ ಸಲಾಂ. ಆರೋಗ್ಯವಾಗಿದ್ದೀಯಾ? ಪಟ್ಟಣದ ನೀರು ಒಗ್ಗಿತೇ? ಚಿಕ್ಕಮ್ಮನ ಕೆಮ್ಮು ಹೇಗಿದೆ? ನನ್ನ ಮಂಡಿನೋವು ಹಾಗೇ ಇದೆ. ಆಡುಗಳು ಮಾತ್ರ ನನಗಿಂತ ಚೆನ್ನಾಗಿವೆ.

ನೀನು ಹೇಳಿಕಳಿಸಿದಂತೆ ನಿನ್ನ ಡೇರೆ ಬಿಚ್ಚಿ ತರಲೆಂದೇ ಇಲ್ಲಿಗೆ ಬಂದೆ ಕಣೇ. ಡೇರೆ ನಿನ್ನದು, ಮದುವೆಗೆಂದು ನಾನೇ ತೊಗಲು ಹೊಲಿದು ಕೊಟ್ಟದ್ದು. ಅದನ್ನು ಕಿತ್ತರೆ ನಿನ್ನ ಮದುವೆಯೂ ಮುಗಿಯಿತು, ನಿನ್ನ ಗಂಡ ಬರಿ ಮರಳಿನ ಮೇಲೆ. ನೆಂಟರ ಮದುವೆಯಲ್ಲಿ ನೀನು ಡೋಲು ಬಡಿದು ಹಾಡುವಾಗ ಬೇರೆ ಒಂಟೆಗಳೆಲ್ಲ ತಾಳಕ್ಕೆ ಕುಣಿದರೂ ಅವನದು ಮಾತ್ರ ಕೂತುಬಿಟ್ಟಿತು, ಸರಿ. ಅದಕ್ಕೆ ಅವನು "ಹಾಡು ಕೇಳಿ ನಿದ್ದೆ ಬಂತು ಪಾಪ" ಎಂದು ಎಲ್ಲರ ಮುಂದೆ ಅನ್ನಬಾರದಿತ್ತು. ನೀನು ಮುನಿಸಿಕೊಂಡು ಚಿಕ್ಕಮ್ಮನ ಮನೆಗೆ ಹೊರಟೆ, ನನಗೂ ಸಿಟ್ಟು ಬಂತು. ನಗುವೂ ಬಂತು, ಅದು ಬೇರೆ ಮಾತು.

ಆದರೆ ಇಲ್ಲಿ ನಾವಿಬ್ಬರೇ. ನಮ್ಮ ಪದ್ಧತಿಯಲ್ಲಿ ಅವನು ಮುಸುಕು ಸರಿಸಿ ಅತ್ತೆಯೆದುರು ಬಾಯಿ ತೋರಿಸುವಂತಿಲ್ಲ, ನಾನು ಅಳಿಯನ ಹೆಸರು ಎತ್ತುವಂತಿಲ್ಲ, ನೇರ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಎಲ್ಲವನ್ನೂ ಕತ್ತೆಗೇ ಹೇಳುತ್ತಿದ್ದೇವೆ. "ಲೇ ಕತ್ತೆ, ಗಂಜಿ ಆರಿಹೋಗ್ತಿದೆ ಅಂತ ಹೇಳು." ಆ ಕಡೆಯಿಂದ, "ಕತ್ತೆ, ನೀರು ತಂದಿಟ್ಟಿದ್ದೀನಿ, ಅಮ್ಮ ಭಾರ ಎತ್ತೋದು ಬೇಡ ಅಂತ ಹೇಳು." ಮೊನ್ನೆ ಅವನು ಉಣ್ಣುವಾಗ ನಾನು ಸೀನಿ ತಿರುಗಿಬಿಟ್ಟೆ. ಪಾಪ, ಗಾಬರಿಯಲ್ಲಿ ಮುಸುಕು ಎಳೆದುಕೊಂಡವನ ಗಂಜಿಯೆಲ್ಲ ಮುಸುಕಿನೊಳಗೇ ಹೋಯಿತು. ಸಂಜೆವರೆಗೆ ನೊಣ ಓಡಿಸುತ್ತ ಕೂತಿದ್ದ. ನನಗೆ ಸಾಕಾಗಿಹೋಗಿದೆ ಗೈಶಾ. ಈ ವಯಸ್ಸಿನಲ್ಲಿ ಕತ್ತೆಯೊಂದಿಗೆ ಸಂಸಾರ ಮಾಡುವ ಶಕ್ತಿ ನನಗಿಲ್ಲ.

ನಿನ್ನೆ ಮನಸ್ಸು ಗಟ್ಟಿ ಮಾಡಿ ಡೇರೆಯ ಗೂಟಕ್ಕೆ ಕೈ ಹಾಕಿದೆ. ಅದು ಅಲುಗಲಿಲ್ಲ. ಅವನು ದೂರದಲ್ಲಿ ನಿಂತು ನೋಡುತ್ತಿದ್ದ. ತಡೆಯಲಿಲ್ಲ, ಜಗಳಕ್ಕೂ ಬರಲಿಲ್ಲ. "ಕತ್ತೆ, ಆ ಕಡೆ ಗೂಟ ಸಡಿಲ ಇದೆ ಅಂತ ಹೇಳು. ಅಲ್ಲಿಂದ ಶುರು ಮಾಡಿದ್ರೆ ಅಮ್ಮನ ಮಂಡಿಗೆ ಸುಲಭ" ಅಂದ. ಹೀಗನ್ನುವವನ ತಲೆಮೇಲಿನ ಡೇರೆ ಹೇಗೆ ಕೀಳಲೇ? ಒಳಗೆ ಹೋಗಿ ಅತ್ತುಬಿಟ್ಟೆ.

ಸಂಜೆ ಕತ್ತೆಗೆ ಹುಲ್ಲು ಹಾಕುತ್ತ, ನನಗೆ ಕೇಳುವಷ್ಟು ಗಟ್ಟಿಯಾಗಿ, "ಒಂಟೆ ಕಾಲಿಗೆ ಮುಳ್ಳು ಚುಚ್ಚಿತ್ತು ಕಣೋ. ಹಾಡು ಚೆನ್ನಾಗೇ ಇತ್ತು. ಜನ ನಕ್ಕರು ಅಂತ ನಾನು ಹಿಗ್ಗಿಬಿಟ್ಟೆ" ಅಂದ. ನಾನೂ ಕತ್ತೆಗೇ ಹೇಳಿದೆ: "ಇದನ್ನ ನಂಗ್ಯಾಕೆ ಹೇಳ್ತಾನೆ ಅಂತ ಕೇಳು. ಕೇಳಬೇಕಾದವಳು ಪಟ್ಟಣದಲ್ಲಿ ಕೂತಿದ್ದಾಳೆ."

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು.

ದಣಿದ ನಿನ್ನ ಅಮ್ಮ,
ರಹ್ಮತು

ತಾ.ಕ.: ಈ ಕಾಗದವನ್ನು ಕತ್ತೆಯ ಚೀಲದಲ್ಲಿಟ್ಟು ಕಳಿಸುತ್ತಿದ್ದೇನೆ. ಕತ್ತೆಗೆ ಪಟ್ಟಣದ ದಾರಿ ಗೊತ್ತಿಲ್ಲವಲ್ಲ, ಅದಕ್ಕೇ ಒಬ್ಬ ಹಗ್ಗ ಹಿಡಿದು ಬಂದಿದ್ದಾನೆ, ಬಾಗಿಲಲ್ಲಿ ನಿಂತಿರುತ್ತಾನೆ. ಕೂರಿಸಿ ಚಹಾ ಕೊಡು. ಪದ್ಧತಿಯಂತೆ ಮೂರನೆಯ ಲೋಟ ಮುಗಿಯುವವರೆಗಾದರೂ ಎಬ್ಬಿಸಬೇಡ. ಕತ್ತೆಯನ್ನು ಮಾತ್ರ ದೂರ ಕಟ್ಟು, ಈ ಸಲ ಅವನು ನಿನಗೇ ಹೇಳಲಿ.