ಬಿಳಿ ಪಟ್ಟಿ ಏರಿದ ದಿನ

ರಾಣೆಬೆನ್ನೂರು
ಗುರುವಾರ, ಜೂನ್ ೧೨, ೨೦೨೫

ಪ್ರೀತಿಯ ಮಗಳೇ ರೋಹಿಣಿ,

ಮೊದಲು ನಿನ್ನ ಹೊಟ್ಟೆಯ ಸಮಾಚಾರ ಹೇಳು. ಊಟ ಮಾಡಿದೆಯಾ? ಹಂಗೇರಿಯ ಹವಾ ನಿನಗೆ ಒಗ್ಗಿತೋ ಇಲ್ಲವೋ. ಕೆಮ್ಮು ಬಂದಿದ್ದರೆ ಬ್ಯಾಗಿನ ಒಳಜೇಬಿನಲ್ಲಿ ಜ್ಯೇಷ್ಠಮಧು ಇದೆ, ಬಾಯಲ್ಲಿ ಹಾಕಿಕೊ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿದಿವೆ ಅಂತ ಹನೀಫ್ ಸರ್ ಹೇಳಿದರು. ಚೆಸ್ ಕಲಿಸುವ ಗುರುಗಳಿಗೆ ನಿನ್ನ ಊಟ ಕಾಯುವ ಕೆಲಸವನ್ನೂ ಹಚ್ಚಿದ್ದೀಯಲ್ಲ. ನಿನ್ನ ಫೋನು ನಿನ್ನೆಯಿಂದ ಬಂದ್ ಆಗಿದೆ. ಅದಕ್ಕೇ ಹಾಳೆಯ ಮೇಲೆ ಬರೆದು, ಫೋಟೊ ತೆಗೆದು ಸರ್ ಫೋನಿಗೆ ಕಳಿಸುತ್ತಿದ್ದೇನೆ. ಬಾಯಿಂದ ಹೇಳಹೋದರೆ ನಾನು ಅಳುತ್ತೇನೆ, ನೀನು ಸಿಟ್ಟಾಗುತ್ತೀ.

ಸರ್ ಮುಂಜಾನೆ ಮಾತಾಡಿದರು. ನಾಳೆಯ ಕೊನೆಯ ಆಟ ಗೆಲ್ಲಲೇಬೇಕಂತ ಇಲ್ಲವಂತೆ, ಡ್ರಾ ಆದರೂ ಮಾಸ್ಟರ್ ಪದವಿಯ ಮೊದಲ ಮೆಟ್ಟಿಲು, ಆ ನಾರ್ಮ್ ಅನ್ನುವುದು, ನಿನ್ನ ಕೈಗೆ ಬರುತ್ತದಂತೆ. ಆದರೆ ನೀನು ಆಡಲು ಹೋಗುವುದೇ ಇಲ್ಲ ಅಂದಿದ್ದೀಯಂತೆ. ಅದನ್ನು ಕೇಳಿದಾಗಿನಿಂದ ನನ್ನ ಜೀವದಲ್ಲಿ ಜೀವವಿಲ್ಲ. ಎದುರಿಗೇ ನಿಂತಿದ್ದರೂ ಹಾಲು ಉಕ್ಕಿದ್ದು ನೋಡಲಿಲ್ಲ.

ನಿನ್ನೆ ಆದದ್ದರಲ್ಲಿ ತಪ್ಪು ನಿಮ್ಮಪ್ಪನದೇ, ನಾನು ಅವರ ಪರ ವಕಾಲತ್ತು ಮಾಡುತ್ತಿಲ್ಲ. ಆದರೆ ಅದು ಹೇಗಾಯಿತು ಅಂತ ಕೇಳು. ನಿನ್ನ ಮೊದಲ ಆಟದ ದಿನ ಪಕ್ಕದ ಮೊಬೈಲ್ ಅಂಗಡಿಯ ಮುನಾಫ ನಮ್ಮ ಬೀಜದಂಗಡಿಗೆ ಬಂದು, ಫೋನಿನಲ್ಲಿ ನಿನ್ನ ಆಟ ಹಚ್ಚಿಕೊಟ್ಟ. ಬೋರ್ಡಿನ ಪಕ್ಕದಲ್ಲಿ ಯಾರ ಕೈ ಮೇಲಾಗಿದೆ ಅಂತ ತೋರಿಸುವ ಕರಿ-ಬಿಳಿ ಪಟ್ಟಿ ಇರುತ್ತದಲ್ಲ, ಅದನ್ನು ತೋರಿಸಿ, "ಮಾಲತೇಶಣ್ಣಾ, ಬಿಳಿ ಪಟ್ಟಿ ಮ್ಯಾಲ ಏರಿದ್ರ ನಿಮ್ಮ ರೋಹಿಣಿ ಗೆದ್ಲು ಅಂತನ ತಿಳ್ಕೋರಿ" ಅಂದ. ಅವತ್ತು ನಿನ್ನದು ಬಿಳಿ ಕಾಯಿ, ಅವನು ಹೇಳಿದ್ದು ಖರೇ. ಆಮೇಲೆ ಮಳೆ ಬಿದ್ದು ಗೊಂಜಾಳದ ಬೀಜಕ್ಕೆ ಜನ ಮುಗಿಬಿದ್ದರು, ಅಪ್ಪನಿಗೆ ಫೋನು ನೋಡಲು ಪುರಸೊತ್ತೇ ಸಿಗಲಿಲ್ಲ. ನಿನ್ನೆ ನೋಡಿದರೆ ಬಿಳಿ ಪಟ್ಟಿ ಏರುತ್ತ ಏರುತ್ತ ತುದಿ ಮುಟ್ಟುವ ಹಾಗಿತ್ತು. ಯಾರ ಕಾಯಿ ಯಾವುದು ಅಂತ ನೋಡುವ ತಾಳ್ಮೆ ಯಾರಿಗಿತ್ತು? ಆಟ ಮುಗಿಯುವ ಮೊದಲೇ ಪೇಢೆ ತರಿಸಿದರು. ಬ್ಯಾಡಗಿ, ಕರ್ಜಗಿ ಕಡೆಯಿಂದ ಬೀಜ ಒಯ್ಯಲು ಬಂದವರಿಗೆಲ್ಲ ಹಂಚಿದರು. ಮುನಾಫ ನಿನ್ನ ಫೋಟೊ ಹಾಕಿ ಸ್ಟೇಟಸ್ ಇಟ್ಟ. ಸುಳ್ಳು ಯಾಕೆ ಹೇಳಲಿ, ನಾನೂ ಪೇಢೆ ತಿಂದೆ.

ನೀನು ಸೋತು ಹೊರಗೆ ಬಂದು ಫೋನು ತೆರೆದರೆ ಊರಿಗೆ ಊರೇ ಅಭಿನಂದನೆ ಹೇಳುತ್ತಿತ್ತು. ನೀನು ಅಪ್ಪನಿಗೆ ಬರೆದದ್ದು ಒಂದೇ ಸಾಲು: "ಅಪ್ಪಾ, ನಾ ಕರಿ ಕಾಯಿ ಆಡಾಕತ್ತಿದ್ದೆ." ಅದನ್ನು ಓದಿ ಅವರು ಕೈಯಲ್ಲಿದ್ದ ಪೇಢೆಯನ್ನು ಡಬ್ಬಿಗೆ ವಾಪಸ್ಸು ಇಟ್ಟರು. ಇವತ್ತು ಅಂಗಡಿಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ಮಗಳು ಸೋತಿದ್ದಾಳೆ, ತಪ್ಪು ನನ್ನದು ಅಂತ ಹೇಳುತ್ತ ಕೂತಿದ್ದಾರೆ. ಬೀಜ ಕೊಳ್ಳಲು ಬಂದವರು ಪಾಪ ಚೀಲ ಹೊತ್ತು ಬೇಗ ಹೋಗುತ್ತಿದ್ದಾರೆ.

ನಿನಗೆ ಅಲ್ಲಿ ಹೇಗಾಗಿರಬೇಕು ಅಂತ ನೆನೆಯುತ್ತ ಕೂತಿದ್ದೇನೆ. ಸರ್ ಹತ್ತಿರ ಕಲಿಯಲು ಹಾವೇರಿಗೆ ಹೋಗುವಾಗ ನೀನು ಬಸ್ಸಿನಲ್ಲಿ ಕಂಬ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಿಂತೇ ನಿದ್ದೆ ಹೋದಳು ಅಂತ ಕಂಡಕ್ಟರ್ ನಗುತ್ತಿದ್ದ. ಮನಸ್ಸಿನಲ್ಲೇ ಆಟದ ಮೊದಲ ನಡೆಗಳನ್ನು ಆಡಿ ನೋಡುತ್ತಿದ್ದೀ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಗೆಲ್ಲು ಅಂತ ನಾನು ಹೇಳುವುದಿಲ್ಲ. ಸೋತು ಬಂದರೂ ಬಿಸಿ ರೊಟ್ಟಿ ಹಾಕುತ್ತೇನೆ. ನಮ್ಮ ಪೇಢೆಯ ಸಲುವಾಗಿ ಮಾತ್ರ ನಿನ್ನ ಆಟ ಬಿಡಬೇಡ.

ಕಾಗಿನೆಲೆಯಿಂದ ಚೌಡವ್ವಜ್ಜಿ ನಿನಗೆ ನೂರು ವರ್ಷ ಆಯುಷ್ಯ ಹರಸಿದ್ದಾಳೆ. ನೀನು ಗೆದ್ದೆ ಅಂತಲೇ ತಿಳಿದಿದ್ದಾಳೆ, ಯಾರೂ ತಿದ್ದಲು ಹೋಗಿಲ್ಲ. ಸರ್‌ಗೆ ನಮಸ್ಕಾರ ಹೇಳು.

ನಿನ್ನ ದಾರಿ ನೋಡುತ್ತಿರುವ
ಅವ್ವ, ಶ್ರೀದೇವಿ

ತಾ.ಕ.: ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ. ತಾವೇ ಬರೆಯಲು ಮುಖವಿಲ್ಲವಂತೆ, ಒಂದೇ ಮಾತು ಕೇಳು ಅನ್ನುತ್ತಿದ್ದಾರೆ: "ನಾಳೆ ಆಕಿದು ಯಾವ ಕಾಯಿ? ಬಿಳೀದೋ, ಕರೀದೋ?" ನೀನು ಅಷ್ಟು ಬರೆದು ಕಳಿಸಿದರೆ ಸಾಕು. ನೀನು ಆಡಲು ಹೊರಟೆ ಅಂತ ತಿಳಿದುಕೊಳ್ಳುತ್ತೇವೆ.